ಹಿಮದ ಇಳಿಜಾರು: ಕಾಲಿಗೂ ಕಿಸೆಗೂ ಒಗ್ಗುವುದು ಯಾವುದು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಮಕ್ಕಳಿಗೆ ಹಿಮವೆಂದರೆ ಭೂಗೋಳ ಪುಸ್ತಕದ ಒಂದು ಚಿತ್ರ, ಇಲ್ಲವೆ ಮೊಬೈಲಿನಲ್ಲಿ ಕಂಡ ಬಿಳಿ ಬೆಟ್ಟ. ನಮ್ಮದು ಎರೆಮಣ್ಣಿನ ಸೀಮೆ. ಚಳಿಗಾಲದಲ್ಲಿ ಹಿಂಗಾರಿ ಜೋಳ ತೆನೆ ಬಿಡುವ ಹೊತ್ತಿಗೆ ಬೆಳಗಿನ ಇಬ್ಬನಿ ಕಂಡರೆ ಅದೇ ನಮ್ಮ ಪಾಲಿನ ಹಿಮ. ಆದರೂ ಈಗೀಗ ಶಾಲೆ-ಕಾಲೇಜುಗಳಲ್ಲಿ ಒಂದು ಹೊಸ ಪ್ರಶ್ನೆ ಕೇಳಿಬರುತ್ತಿದೆ: 'ಸರ್, ಹಿಮದ ಮೇಲೆ ಜಾರುವ ಆಟ ನಾವೂ ಕಲಿಯಬಹುದೇ? ಎಲ್ಲಿಗೆ ಹೋಗಬೇಕು? ಎಷ್ಟು ಖರ್ಚಾದೀತು?'

ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವ ಕಾಲ ಹೋಯಿತು. ಹಿಮವೇ ಬೀಳದ ನಮ್ಮ ಕೊಡಗು ಜಿಲ್ಲೆಯ ಭವಾನಿ ತೆಕ್ಕಡ ನಂಜುಂಡ ಎಂಬ ಯುವತಿ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಚಿನ್ನ ತಂದುಕೊಟ್ಟರು. 2025ರಲ್ಲಿ ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ನಡೆದ ಅಂತರರಾಷ್ಟ್ರೀಯ ಸ್ಪರ್ಧೆಯ 5 ಕಿಲೋಮೀಟರ್ ಕ್ರಾಸ್-ಕಂಟ್ರಿ ಸ್ಕೀಯಿಂಗ್‌ನಲ್ಲಿ ಕಂಚಿನ ಪದಕವನ್ನೂ ಗೆದ್ದರು. ಕೊಡಗಿನವರಿಗೆ ಸಾಧ್ಯವಾದದ್ದು ಡೋಣಿ ದಂಡೆಯವರಿಗೆ ಏಕೆ ಸಾಧ್ಯವಾಗಬಾರದು?

ಆದರೆ ಆಸೆಗೂ ಯೋಜನೆಗೂ ಅಂತರವಿದೆ. ಹಿಮಜಾರಾಟ ಎಂದರೆ ಹಣ, ಸಮಯ ಮತ್ತು ಎಲುಬು ಈ ಮೂರನ್ನೂ ಪಣಕ್ಕಿಡುವ ಆಟ. ತೊಗರಿ ಮಾರಿದ ಹಣವನ್ನೋ, ಸಂಬಳದಿಂದ ಉಳಿಸಿದ ಹಣವನ್ನೋ ತಂದೆ-ತಾಯಿ ಕೊಡುತ್ತಾರೆ. ಅದು ಒಂದು ಮಧ್ಯಾಹ್ನದ ಫೋಟೊಕ್ಕಾಗಿ ಕರಗಿಹೋಗಬಾರದು. ಅದಕ್ಕಿಂತ ಮುಖ್ಯವಾಗಿ, ತಪ್ಪು ಇಳಿಜಾರಿನಲ್ಲಿ ಮುರಿದ ಕಾಲು ಒಂದು ಪರೀಕ್ಷೆಯ ವರ್ಷವನ್ನೇ ನುಂಗಬಹುದು. ಆದ್ದರಿಂದ ಸ್ಥಳದ ಆಯ್ಕೆಗೆ ಮೊದಲು ಒಂದು ಸೂತ್ರವನ್ನು ನೆನಪಿಡುವುದು ಒಳ್ಳೆಯದು: ಹೊಸಬನು ಬೆಟ್ಟದ ಹೆಸರನ್ನು ನೋಡಿ ಹೋಗಬಾರದು, ಬೋಧಕನನ್ನೂ ಇಳಿಜಾರಿನ ಕೋನವನ್ನೂ ನೋಡಿ ಹೋಗಬೇಕು.

ಮುಳ್ಳಯ್ಯನಗಿರಿಯಲ್ಲಿ ಏಕೆ ಹಿಮವಿಲ್ಲ?

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ. ಎತ್ತರ ಸುಮಾರು 1,930 ಮೀಟರ್. ಅಲ್ಲಿ ಹಿಮ ಬೀಳುವುದಿಲ್ಲ. ಕಾಶ್ಮೀರದ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಅಲ್ಲಿ ಆಳೆತ್ತರ ಹಿಮ ಬೀಳುತ್ತದೆ. ಏಳುನೂರು ಮೀಟರಿನ ಅಂತರಕ್ಕೆ ಇಷ್ಟು ವ್ಯತ್ಯಾಸವೇ?

ಎತ್ತರಕ್ಕೆ ಏರಿದಂತೆ ಪ್ರತಿ ಸಾವಿರ ಮೀಟರಿಗೆ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ವಿಜಯಪುರ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಮೇಲಿದೆ. ಎತ್ತರವೊಂದನ್ನೇ ಲೆಕ್ಕ ಹಿಡಿದರೆ ಗುಲ್ಮಾರ್ಗ್ ನಮಗಿಂತ 13 ಡಿಗ್ರಿ ತಂಪಾಗಿರಬೇಕು. ಹಿಮಕ್ಕೆ ಅಷ್ಟು ಸಾಲದು. ಉಳಿದ ಕೆಲಸವನ್ನು ಅಕ್ಷಾಂಶ ಮಾಡುತ್ತದೆ. ನಾವು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದ್ದೇವೆ, ಗುಲ್ಮಾರ್ಗ್ 34 ಡಿಗ್ರಿಯಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ಸೂರ್ಯನ ಕಿರಣ ಓರೆಯಾಗಿ ಬೀಳುತ್ತದೆ, ಹಗಲೂ ಚಿಕ್ಕದು. ಮೂರನೆಯದಾಗಿ ತೇವಾಂಶ ಬೇಕು. ಅದನ್ನು ತರುವುದು ನಮ್ಮ ಮುಂಗಾರು ಅಲ್ಲ. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಚಳಿಗಾಲದಲ್ಲಿ ಬೀಸಿ ಬರುವ, ಹವಾಮಾನ ಇಲಾಖೆಯವರು 'ವೆಸ್ಟರ್ನ್ ಡಿಸ್ಟರ್ಬೆನ್ಸ್' ಎಂದು ಕರೆಯುವ ಮೋಡಗಳ ಸಾಲು. ಎತ್ತರ, ಅಕ್ಷಾಂಶ, ತೇವ ಈ ಮೂರೂ ಕೂಡಿದಲ್ಲಿ ಮಾತ್ರ ಹಿಮಜಾರಾಟದ ಮೈದಾನ ಸಿದ್ಧವಾಗುತ್ತದೆ.

ಆ ಮೋಡಗಳು ಕೈಕೊಟ್ಟರೆ ಆಟವೂ ಕೈಕೊಡುತ್ತದೆ. 2024ರ ಜನವರಿಯಲ್ಲಿ ಗುಲ್ಮಾರ್ಗ್‌ನ ಮೈದಾನ ಹಿಮವಿಲ್ಲದೆ ಕಂದುಬಣ್ಣದ ಹುಲ್ಲಾಗಿಯೇ ಉಳಿದಿತ್ತು. 2025ರ ಫೆಬ್ರುವರಿಯಲ್ಲಿ ಅಲ್ಲಿ ನಡೆಯಬೇಕಿದ್ದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟವನ್ನು ಹಿಮ ಸಾಲದೆ ಮುಂದೂಡಿ ಮಾರ್ಚ್ 9ರಿಂದ 12ರವರೆಗೆ ನಡೆಸಬೇಕಾಯಿತು. ಮಳೆಯನ್ನು ನಂಬಿ ಬಿತ್ತುವ ನಮಗೆ ಇದು ಹೊಸ ಪಾಠವೇನಲ್ಲ. ಟಿಕೆಟ್ ಕಾಯ್ದಿರಿಸುವಾಗ ಜನವರಿ ಮೊದಲ ವಾರಕ್ಕಿಂತ ಜನವರಿ ಕೊನೆ ಮತ್ತು ಫೆಬ್ರುವರಿಯನ್ನು ನಂಬುವುದು ಲೇಸು. ದಿನಾಂಕ ಬದಲಾದರೆ ಹಣ ವಾಪಸು ಬರುತ್ತದೆಯೇ ಎಂಬುದನ್ನು ಮೊದಲೇ ಕೇಳಿಕೊಳ್ಳಬೇಕು.

ಕೋನದ ಲೆಕ್ಕ

ಹಿಮದ ಮೇಲೆ ಸ್ಕೀ ಹಲಗೆ ಏಕೆ ಹೂತುಹೋಗುವುದಿಲ್ಲ ಎಂಬುದು ಒತ್ತಡದ ಪಾಠ. ಬೂಟು ಹಾಕಿದ ಎರಡು ಪಾದಗಳ ವಿಸ್ತೀರ್ಣ ಸುಮಾರು 400 ಚದರ ಸೆಂಟಿಮೀಟರ್ ಎನ್ನಿ. 160 ಸೆಂ.ಮೀ. ಉದ್ದ, 8 ಸೆಂ.ಮೀ. ಅಗಲದ ಎರಡು ಹಲಗೆಗಳ ವಿಸ್ತೀರ್ಣ 2,560 ಚದರ ಸೆಂಟಿಮೀಟರ್. ಅದೇ ತೂಕ ಆರು ಪಟ್ಟಿಗೂ ಹೆಚ್ಚು ಜಾಗದ ಮೇಲೆ ಹರಡಿದಾಗ ಒತ್ತಡ ಆರನೆಯ ಒಂದು ಪಾಲಿಗೂ ಕಡಿಮೆಯಾಗುತ್ತದೆ. ಹೂತುಕೊಳ್ಳುವ ಬದಲು ಹಲಗೆ ಜಾರುತ್ತದೆ.

ಎಷ್ಟು ವೇಗವಾಗಿ ಜಾರುತ್ತದೆ ಎಂಬುದೇ ಮುಖ್ಯ. ಪಿಯುಸಿ ವಿಜ್ಞಾನದ ವಿದ್ಯಾರ್ಥಿಗಳು ಈ ಲೆಕ್ಕವನ್ನು ತಾವೇ ಮಾಡಿ ನೋಡಬಹುದು. ಹಿಮಕ್ಕೂ ಹಲಗೆಗೂ ನಡುವಿನ ಘರ್ಷಣಾಂಕ 0.05 ಎಂದು ಹಿಡಿಯಿರಿ. ಗಾಳಿಯ ತಡೆಯನ್ನು ಬಿಟ್ಟುಬಿಡಿ. 10 ಡಿಗ್ರಿ ಇಳಿಜಾರಿನಲ್ಲಿ ತಿರುಗದೆ, ತಡೆಯದೆ 50 ಮೀಟರ್ ನೇರ ಜಾರಿದರೆ ವೇಗ ಸೆಕೆಂಡಿಗೆ 11 ಮೀಟರ್, ಅಂದರೆ ಗಂಟೆಗೆ ಸುಮಾರು 40 ಕಿಲೋಮೀಟರ್. ಅದೇ 50 ಮೀಟರ್ 20 ಡಿಗ್ರಿ ಇಳಿಜಾರಿನಲ್ಲಿ ಜಾರಿದರೆ ಸೆಕೆಂಡಿಗೆ 17 ಮೀಟರ್, ಗಂಟೆಗೆ ಸುಮಾರು 61 ಕಿಲೋಮೀಟರ್.

ಕಣ್ಣಿಗೆ 10 ಡಿಗ್ರಿಗೂ 20 ಡಿಗ್ರಿಗೂ ಅಂಥ ವ್ಯತ್ಯಾಸ ಕಾಣುವುದಿಲ್ಲ. ಆದರೆ ಡಿಕ್ಕಿಯ ಪೆಟ್ಟನ್ನು ನಿರ್ಧರಿಸುವುದು ಚಲನ ಶಕ್ತಿ, ಅದು ವೇಗದ ವರ್ಗದೊಂದಿಗೆ ಬೆಳೆಯುತ್ತದೆ. ಮೇಲಿನ ಎರಡನೆಯ ಸಂದರ್ಭದಲ್ಲಿ ಪೆಟ್ಟು ಮೊದಲಿನದಕ್ಕಿಂತ ಎರಡು ಪಟ್ಟಿಗೂ ಮಿಗಿಲು. 'ಹುಡುಗ ಗಟ್ಟಿ ಇದ್ದಾನೆ, ಮೇಲಿನ ಇಳಿಜಾರಿಗೇ ಕರೆದೊಯ್ಯಿರಿ' ಎನ್ನುವ ಪಾಲಕರು ಈ ಲೆಕ್ಕವನ್ನು ಒಮ್ಮೆ ನೋಡಬೇಕು. ಗಟ್ಟಿತನ ಭೌತಶಾಸ್ತ್ರದ ಸೂತ್ರದಲ್ಲಿ ಎಲ್ಲೂ ಬರುವುದಿಲ್ಲ.

ವಿದೇಶಗಳಲ್ಲಿ ಇಳಿಜಾರುಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಬಣ್ಣದ ಗುರುತು ಹಾಕಿರುತ್ತಾರೆ. ಹಸಿರು ಹೊಸಬರಿಗೆ, ಕಪ್ಪು ಪಳಗಿದವರಿಗೆ. ನಮ್ಮ ದೇಶದಲ್ಲಿ ಈ ಗುರುತು ಎಲ್ಲ ಕಡೆ ಒಂದೇ ರೀತಿ ಇರುವುದಿಲ್ಲ. ಆದ್ದರಿಂದ ಬೋಧಕರನ್ನೇ ಕೇಳಿ ತಿಳಿಯಬೇಕು.

ನೀವು ಯಾವ ಮೆಟ್ಟಿಲಲ್ಲಿದ್ದೀರಿ?

ಸ್ಥಳ ಆರಿಸುವ ಮೊದಲು ತನ್ನನ್ನು ತಾನು ತೂಗಿ ನೋಡಿಕೊಳ್ಳಬೇಕು. ಸುಲಭಕ್ಕೆ ಮೂರು ಮೆಟ್ಟಿಲು ಮಾಡಿಕೊಳ್ಳೋಣ.

ಮೊದಲನೆಯದು, ಹಿಮವನ್ನೇ ಮುಟ್ಟದವರು. ನಮ್ಮ ಭಾಗದ ಬಹುಪಾಲು ಮಕ್ಕಳು ಇಲ್ಲಿದ್ದಾರೆ. ಇವರಿಗೆ ಬೇಕಾದದ್ದು ಕೆಳತುದಿಯಲ್ಲಿ ಸಮತಟ್ಟಾಗಿ ಮುಗಿಯುವ, ಬ್ರೇಕ್ ಹಾಕದಿದ್ದರೂ ತಾನಾಗಿ ನಿಲ್ಲುವಂಥ ಚಿಕ್ಕ ದಿಬ್ಬ. ಇಲ್ಲಿ ಕಲಿಯುವ ಮೊದಲ ವಿದ್ಯೆ 'ಸ್ನೋ ಪ್ಲೋ'. ಹೆಸರಿನಲ್ಲೇ ನೇಗಿಲಿದೆ. ಹಲಗೆಗಳ ಮುಂತುದಿಗಳನ್ನು ಹತ್ತಿರ ತಂದು, ಹಿಂತುದಿಗಳನ್ನು ಅಗಲಿಸಿ, ಒಳಅಂಚಿನಿಂದ ಹಿಮವನ್ನು ಒತ್ತಿದರೆ ವೇಗ ತಗ್ಗುತ್ತದೆ. ನಿಲ್ಲುವುದನ್ನು ಕಲಿಯದೆ ಜಾರುವುದನ್ನು ಕಲಿಯಬಾರದು.

ಎರಡನೆಯದು, ಒಂದು ಪ್ರಾಥಮಿಕ ಕೋರ್ಸ್ ಮುಗಿಸಿದವರು. ಎಡಕ್ಕೂ ಬಲಕ್ಕೂ ತಿರುಗಬಲ್ಲವರು, ಬೋಧಕರು 'ನಿಲ್ಲು' ಎಂದಲ್ಲಿ ನಿಲ್ಲಬಲ್ಲವರು. ಇವರು ಇನ್ನಷ್ಟು ಉದ್ದದ ಇಳಿಜಾರಿಗೆ ಹೋಗಬಹುದು.

ಮೂರನೆಯದು, ಎರಡೂ ಹಲಗೆಗಳನ್ನು ಜೋಡಿಯಾಗಿಟ್ಟುಕೊಂಡೇ ಹದವಾಗಿ ತಿರುಗುತ್ತ ಕಡಿದಾದ ಇಳಿಜಾರನ್ನೂ ಇಳಿಯಬಲ್ಲವರು. ದೊಡ್ಡ ಪರ್ವತಗಳ ಹೆಸರು ಇವರಿಗೆ ಮಾತ್ರ ಮೀಸಲು.

ಎಲ್ಲಿಗೆ ಯಾರು?

ಹಿಮಾಚಲ ಪ್ರದೇಶದ ಶಿಮ್ಲಾ ಸಮೀಪದ ಕುಫ್ರಿ ಮತ್ತು ಅಲ್ಲಿಂದ ಇನ್ನೂ ಮುಂದಿರುವ ನಾರ್ಕಂಡಾ ಚಿಕ್ಕ ಇಳಿಜಾರುಗಳ ತಾಣಗಳು. ಇಲ್ಲಿ ಹಿಮ ನಿಲ್ಲುವ ಅವಧಿ ಕಡಿಮೆ. ಕುಟುಂಬದೊಂದಿಗೆ ಹೋಗಿ ಹಿಮ ಕಂಡು ಬರುವುದಾದರೆ ಸರಿ. ಕಲಿಯಬೇಕೆಂದೇ ದೂರದಿಂದ ಹೋಗುವವರಿಗೆ ಇವು ಮೊದಲ ಆಯ್ಕೆಯಲ್ಲ.

ಮನಾಲಿಯಿಂದ ಹದಿಮೂರು-ಹದಿನಾಲ್ಕು ಕಿಲೋಮೀಟರ್ ದೂರದ ಸೋಲಂಗ್ ಕಣಿವೆ ಸುಮಾರು 2,500 ಮೀಟರ್ ಎತ್ತರದಲ್ಲಿದೆ. ಹೊಸಬರಿಗೆ ತಕ್ಕ ಇಳಿಜಾರು ಇಲ್ಲಿದೆ. ಮನಾಲಿಯಲ್ಲಿರುವ, 1961ರಲ್ಲಿ ಆರಂಭವಾದ, ಈಗ ಅಟಲ್ ಬಿಹಾರಿ ವಾಜಪೇಯಿ ಅವರ ಹೆಸರು ಹೊತ್ತಿರುವ ಸರಕಾರಿ ಪರ್ವತಾರೋಹಣ ಸಂಸ್ಥೆ ಚಳಿಗಾಲದಲ್ಲಿ ಇಲ್ಲಿ ಸ್ಕೀ ಕೋರ್ಸ್ ನಡೆಸುತ್ತದೆ. ಸೋಲಂಗಿನ ತೊಂದರೆ ಎಂದರೆ ಜನಸಂದಣಿ. ರಜೆಯ ದಿನಗಳಲ್ಲಿ ಕುದುರೆ, ಟಯರು, ಫೋಟೊಗ್ರಾಫರು, ಪ್ರವಾಸಿಗರು ಎಲ್ಲ ಒಂದೇ ಇಳಿಜಾರಿನಲ್ಲಿ ಸೇರುತ್ತಾರೆ. ಸಂಸ್ಥೆಯ ಕೋರ್ಸಿನಲ್ಲಿ ಸೇರಿದರೆ ಶಿಸ್ತಾದ ಕಲಿಕೆ ಸಿಗುತ್ತದೆ, ಬಿಡಿಯಾಗಿ ಹೋದರೆ ಗದ್ದಲ ಸಿಗುತ್ತದೆ.

ಉತ್ತರಾಖಂಡದ ಔಲಿ ಸುಮಾರು 2,500ರಿಂದ 3,000 ಮೀಟರ್ ಎತ್ತರದಲ್ಲಿದೆ. ಕಣ್ಣೆದುರಿಗೆ 7,816 ಮೀಟರಿನ ನಂದಾದೇವಿ. ಶೃಂಗೇರಿಯಂತೆಯೇ ಶಂಕರಾಚಾರ್ಯರ ಪೀಠವಿರುವ ಜೋಶಿಮಠದಿಂದ ಇಲ್ಲಿಗೆ ಏರಬೇಕು. 2024ರಿಂದ ಆ ಊರಿನ ಹೆಸರು ಜ್ಯೋತಿರ್ಮಠ. ಬದರಿಯಾತ್ರೆ ಮಾಡಿಬಂದ ನಮ್ಮ ಹಿರಿಯರಿಗೆ ಈ ದಾರಿ ಪರಿಚಿತ. 2011ರ ಜನವರಿಯಲ್ಲಿ ಮೊದಲ ದಕ್ಷಿಣ ಏಷ್ಯಾ ಚಳಿಗಾಲದ ಕ್ರೀಡಾಕೂಟದ ಸ್ಕೀ ಸ್ಪರ್ಧೆಗಳು ನಡೆದದ್ದು ಔಲಿಯಲ್ಲಿ. ಗಡ್ವಾಲ್ ಮಂಡಲ ವಿಕಾಸ ನಿಗಮ ಎಂಬ ಸರಕಾರಿ ಸಂಸ್ಥೆ ಇಲ್ಲಿ ವಸತಿಯೊಂದಿಗೆ ತರಬೇತಿ ನಡೆಸುತ್ತ ಬಂದಿದೆ. ಮೊದಲ ಮತ್ತು ಎರಡನೆಯ ಮೆಟ್ಟಿಲಿನವರಿಗೆ ಒಪ್ಪುವ ಜಾಗ. ಆದರೆ 2023ರ ಜನವರಿಯಲ್ಲಿ ಜೋಶಿಮಠದಲ್ಲಿ ನೆಲ ಕುಸಿದು ನೂರಾರು ಮನೆಗಳು ಬಿರುಕುಬಿಟ್ಟವು, ಔಲಿಗೆ ಹೋಗುವ ತೂಗುದೊಟ್ಟಿಲನ್ನು ನಿಲ್ಲಿಸಲಾಯಿತು. ಹೊರಡುವ ಮೊದಲು ರಸ್ತೆ ಮತ್ತು ವಸತಿಯ ಸ್ಥಿತಿಯನ್ನು ನಿಗಮದ ಕಚೇರಿಯಲ್ಲೇ ವಿಚಾರಿಸುವುದು ಅಗತ್ಯ.

ಇನ್ನು ಗುಲ್ಮಾರ್ಗ್. ಶ್ರೀನಗರದಿಂದ ಸುಮಾರು 50 ಕಿಲೋಮೀಟರ್. ಇಲ್ಲಿ ಎರಡು ಗುಲ್ಮಾರ್ಗ್‌ಗಳಿವೆ ಎನ್ನಬೇಕು. ಕೆಳಗಿನ ಬಟ್ಟಲಿನಂಥ ಮೈದಾನದ ಅಂಚಿನಲ್ಲಿ ಮಗುವೂ ಕಲಿಯಬಹುದಾದ ಮೆತ್ತನೆಯ ಇಳಿಜಾರುಗಳಿವೆ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಭಾರತೀಯ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇಲ್ಲಿಯೇ ಇದೆ. ಮೇಲಿನದು ಅಫರ್ವತ್ ಪರ್ವತ. 1998ರಲ್ಲಿ ಮೊದಲ ಹಂತ, 2005ರಲ್ಲಿ ಎರಡನೆಯ ಹಂತ ಆರಂಭವಾದ ಗೊಂಡೋಲಾ ಹಗ್ಗದ ದಾರಿ ಸುಮಾರು 3,950 ಮೀಟರ್ ಎತ್ತರಕ್ಕೆ ಒಯ್ಯುತ್ತದೆ. ಟಿಕೆಟ್ ಕೊಟ್ಟವರನ್ನೆಲ್ಲ ಮೇಲಕ್ಕೆ ಒಯ್ಯುವುದು ಗೊಂಡೋಲಾದ ಕೆಲಸ. ಸ್ಕೀ ಕಟ್ಟಿಕೊಂಡು ಇಳಿದು ಬರುವ ವಿದ್ಯೆಯನ್ನು ಅದು ಕೊಡುವುದಿಲ್ಲ. ಎರಡನೆಯ ಹಂತದ ಇಳಿಜಾರುಗಳು ಮೂರನೆಯ ಮೆಟ್ಟಿಲಿನವರಿಗೆ ಮಾತ್ರ. 2022ರ ಬೀಜಿಂಗ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಭಾರತದ ಏಕೈಕ ಸ್ಪರ್ಧಿಯಾಗಿದ್ದ ಆರಿಫ್ ಖಾನ್ ಈ ಊರಿನ ಸುತ್ತಲಿನ ಇಳಿಜಾರುಗಳಲ್ಲೇ ಪಳಗಿದವರು. ಅವರು ಸ್ಕೀ ಕಟ್ಟಿಕೊಂಡದ್ದು ನಾಲ್ಕನೆಯ ವಯಸ್ಸಿನಲ್ಲಿ!

ಕಾಶ್ಮೀರದ ವಿಚಾರ ಬಂದಾಗ ಪಾಲಕರ ಮನಸ್ಸಿನಲ್ಲಿ ಸುರಕ್ಷೆಯ ಪ್ರಶ್ನೆ ಏಳುವುದು ಸಹಜ. 2025ರ ಏಪ್ರಿಲ್ 22ರ ಪಹಲ್ಗಾಮ್ ದಾಳಿಯ ಬಳಿಕ ಅಲ್ಲಿನ ಹಲವು ಪ್ರವಾಸಿ ತಾಣಗಳನ್ನು ಕೆಲಕಾಲ ಮುಚ್ಚಲಾಗಿತ್ತು. ಸರಕಾರದ ಅಂದಂದಿನ ಸೂಚನೆಯನ್ನು ನೋಡಿಯೇ ನಿರ್ಧರಿಸಬೇಕು. ಮನಸ್ಸು ಒಪ್ಪದಿದ್ದರೆ ಸೋಲಂಗ್, ಔಲಿ ಇದ್ದೇ ಇವೆ. ಹೊಸಬರ ಪಾಲಿಗೆ ಕಲಿಕೆಯಲ್ಲಿ ಏನೂ ನಷ್ಟವಿಲ್ಲ.

ಹಣದ ಲೆಕ್ಕ: ಗಂಟೆಗೆ ಎಷ್ಟು ಬಿತ್ತು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಆದರೆ ಹಾಸಿಗೆಯನ್ನು ಅಳೆಯುವ ರೀತಿಯೂ ಸರಿಯಿರಬೇಕು. ಪ್ರವಾಸದ ಒಟ್ಟು ಖರ್ಚನ್ನು ನೋಡದೆ, ಹಿಮದ ಮೇಲೆ ಕಲಿತ ಒಂದೊಂದು ಗಂಟೆಗೆ ಎಷ್ಟು ಬಿತ್ತು ಎಂದು ನೋಡಿ.

ಉದಾಹರಣೆಗೆ ಮಾತ್ರ ಒಂದು ಲೆಕ್ಕ ಹಿಡಿಯೋಣ. ಆರು ದಿನದ ಪ್ಯಾಕೇಜ್ ಪ್ರವಾಸಕ್ಕೆ ಒಬ್ಬರಿಗೆ 20,000 ರೂಪಾಯಿ ಆಯಿತು ಎನ್ನಿ. ಅದರಲ್ಲಿ ಸ್ಕೀ ಕಟ್ಟಿಕೊಂಡದ್ದು ಒಂದು ಮಧ್ಯಾಹ್ನ, ಎರಡು ಗಂಟೆ. ಗಂಟೆಗೆ 10,000 ರೂಪಾಯಿ! ಇನ್ನೊಬ್ಬರು ಹದಿನಾಲ್ಕು ದಿನದ ಕೋರ್ಸಿಗೆ ಪ್ರಯಾಣವೂ ಸೇರಿ 30,000 ಖರ್ಚು ಮಾಡಿದರು ಎನ್ನಿ. ದಿನಕ್ಕೆ ಐದು ಗಂಟೆಯಂತೆ ಹತ್ತು ದಿನ ಹಿಮದ ಮೇಲಿದ್ದರೆ 50 ಗಂಟೆ. ಗಂಟೆಗೆ 600 ರೂಪಾಯಿ. ಹೆಚ್ಚು ಖರ್ಚಾದದ್ದು ಎರಡನೆಯವರಿಗೆ, ಅಗ್ಗವಾದದ್ದೂ ಎರಡನೆಯವರಿಗೇ. ನಿಮ್ಮ ನಿಜವಾದ ಅಂಕಿಗಳನ್ನು ಹಾಕಿ ಇದೇ ರೀತಿ ಭಾಗಿಸಿ ನೋಡಿ.

ಸರಕಾರಿ ಸಂಸ್ಥೆಗಳ ಕೋರ್ಸಿನ ಶುಲ್ಕದಲ್ಲಿ ಸಾಮಾನ್ಯವಾಗಿ ವಸತಿ, ಊಟ, ಬೋಧನೆ, ಸ್ಕೀ ಹಲಗೆ ಮತ್ತು ಬೂಟುಗಳು ಸೇರಿರುತ್ತವೆ. ಶುಲ್ಕ, ವಯೋಮಿತಿ, ವೈದ್ಯಕೀಯ ಪ್ರಮಾಣಪತ್ರದ ನಿಯಮ ಪ್ರತಿ ಸಂಸ್ಥೆಗೂ ಬೇರೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಅವುಗಳ ಅಧಿಕೃತ ಪ್ರಕಟಣೆಯನ್ನೇ ನೋಡಬೇಕು. ಸೀಟುಗಳು ಬೇಗ ತುಂಬುವುದರಿಂದ ಚಳಿಗಾಲದ ಕೋರ್ಸಿಗೆ ಮಳೆಗಾಲದಲ್ಲೇ ವಿಚಾರಿಸುವುದು ಜಾಣತನ.

ಒಂದು ಹಾಳೆಯ ಮೇಲೆ ಆರು ಸಾಲು ಬರೆದುಕೊಳ್ಳಿ: ಪ್ರಯಾಣ, ಕೋರ್ಸ್ ಶುಲ್ಕ, ದಾರಿಯ ವಸತಿ-ಊಟ, ಬೆಚ್ಚನೆಯ ಬಟ್ಟೆ, ವಿಮೆ, ಆಪದ್ಧನ. ಕೊನೆಯ ಎರಡನ್ನು ಯಾರೂ ಬರೆಯುವುದಿಲ್ಲ, ಬೇಕಾಗುವುದು ಅವೇ. ಹಿಮಪಾತದಿಂದ ರಸ್ತೆ ಮುಚ್ಚಿದರೆ ಎರಡು ದಿನ ಹೆಚ್ಚು ಉಳಿಯಬೇಕಾಗುತ್ತದೆ. ವಿಮೆ ಮಾಡಿಸುವಾಗ ಸಾಹಸ ಕ್ರೀಡೆಯ ಗಾಯವೂ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡಿ. ಸ್ಕೀ ಹಲಗೆಯನ್ನು ಮಾತ್ರ ಕೊಳ್ಳಲು ಹೋಗಬೇಡಿ. ವರ್ಷಕ್ಕೊಮ್ಮೆ ಬಳಸುವ ವಸ್ತುವಿಗೆ ಬಾಡಿಗೆಯೇ ಸರಿ. ಹೊಸಬರಿಗೆ ಗದ್ದದಿಂದ ಮೂಗಿನವರೆಗಿನ ಉದ್ದದ ಹಲಗೆ ಸಾಕು. ಬೂಟು ಬಿಗಿಯಾಗಿರಬೇಕು, ಮುಂದಕ್ಕೆ ಬಾಗಿದಾಗ ಹಿಮ್ಮಡಿ ಏಳಬಾರದು. ಬಿದ್ದಾಗ ಬೂಟನ್ನು ಬಿಟ್ಟುಕೊಡುವ ಬೈಂಡಿಂಗ್ ಎಂಬ ಕೊಂಡಿಯನ್ನು ನಿಮ್ಮ ತೂಕಕ್ಕೆ ಹೊಂದಿಸಿ ಕೊಡಲು ಕೇಳಿ. ಮೊಣಕಾಲನ್ನು ಉಳಿಸುವುದು ಆ ಚಿಕ್ಕ ಕೊಂಡಿಯೇ.

ನಮ್ಮ ಊರಿಂದ ದಾರಿ

ಇಂಡಿಯವರಿಗೆ ಇಂಡಿ ರೋಡ್, ಬಾಗೇವಾಡಿಯವರಿಗೆ ಬಸವನ ಬಾಗೇವಾಡಿ ರೋಡ್ ನಿಲ್ದಾಣಗಳು ಗದಗ-ವಿಜಯಪುರ-ಹೋಟಗಿ ಮಾರ್ಗದಲ್ಲಿವೆ. ಸಿಂದಗಿ, ಮುದ್ದೇಬಿಹಾಳದವರು ಬಸ್ಸಿನಲ್ಲಿ ವಿಜಯಪುರಕ್ಕೋ ನೇರ ಸೊಲ್ಲಾಪುರಕ್ಕೋ ಹೋಗಬೇಕು. ಸೊಲ್ಲಾಪುರದಲ್ಲಿ ಬೆಂಗಳೂರಿನಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ಹಿಡಿದರೆ ಒಂದು ದಿನಕ್ಕೆ ತುಸು ಮಿಗಿಲಾದ ಅವಧಿಯಲ್ಲಿ ನವದೆಹಲಿ. ಅಲ್ಲಿಂದ ಮನಾಲಿಗೆ ಸುಮಾರು 530 ಕಿಲೋಮೀಟರ್, ರಾತ್ರಿ ಬಸ್ಸಿನ ದಾರಿ. ಔಲಿಗಾದರೆ ರೈಲಿನಲ್ಲಿ ಹರಿದ್ವಾರ ಅಥವಾ ಋಷಿಕೇಶ. ಋಷಿಕೇಶದಿಂದ ಜೋಶಿಮಠಕ್ಕೆ ಬೆಟ್ಟದ ರಸ್ತೆ ಸುಮಾರು 250 ಕಿಲೋಮೀಟರ್, ಪೂರ್ತಿ ಒಂದು ಹಗಲು ಬೇಕು. ಕಾಶ್ಮೀರಕ್ಕೆ 2025ರ ಜೂನ್‌ನಿಂದ ಕಟ್ರಾದಿಂದ ಶ್ರೀನಗರದವರೆಗೆ ರೈಲು ಓಡತೊಡಗಿದೆ. ನದಿಪಾತ್ರದಿಂದ 359 ಮೀಟರ್ ಎತ್ತರದಲ್ಲಿರುವ ಚಿನಾಬ್ ಸೇತುವೆಯನ್ನು ದಾಟುವ ಈ ಪ್ರಯಾಣವೇ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಒಂದು ಪಾಠ.

ಹೋಗಲು ಮೂರು ದಿನ, ಬರಲು ಮೂರು ದಿನ, ಕೋರ್ಸಿಗೆ ಹದಿನಾಲ್ಕು ದಿನ. ಒಟ್ಟು ಮೂರು ವಾರ ಕೈಯಲ್ಲಿರಬೇಕು. ದಾರಿಗೆ ಕಡಕ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಕಟ್ಟಿಕೊಂಡರೆ ಖರ್ಚೂ ಉಳಿಯುತ್ತದೆ, ಹೊಟ್ಟೆಯೂ ಕೆಡುವುದಿಲ್ಲ. ಚಳಿಯಲ್ಲಿ ದೇಹಕ್ಕೆ ಹೆಚ್ಚು ಶಕ್ತಿ ಬೇಕು. ಶೇಂಗಾ-ಬೆಲ್ಲದಂಥ ಬುತ್ತಿ ಹಿಮದಲ್ಲೂ ಕೆಲಸಕ್ಕೆ ಬರುತ್ತದೆ.

ಹಿಮದ ಮೋಸಗಳು

ಎತ್ತರ: 2,500 ಮೀಟರ್ ದಾಟಿದ ಮೇಲೆ ಕೆಲವರಿಗೆ ತಲೆನೋವು, ವಾಕರಿಕೆ, ನಿದ್ರಾಹೀನತೆ ಕಾಣಿಸಬಹುದು. 4,000 ಮೀಟರ್ ಸಮೀಪ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇ. 61ರಷ್ಟು ಮಾತ್ರ. ತಲುಪಿದ ದಿನ ವಿಶ್ರಾಂತಿ ಪಡೆಯಿರಿ, ನೀರು ಕುಡಿಯಿರಿ. ಲಕ್ಷಣ ಹೆಚ್ಚಾದರೆ ಮೊದಲ ಮದ್ದು ಕೆಳಗಿಳಿಯುವುದು. ಆಸ್ತಮಾ, ಹೃದಯದ ತೊಂದರೆ ಇರುವವರು ವೈದ್ಯರ ಒಪ್ಪಿಗೆಯಿಲ್ಲದೆ ಹೊರಡಬಾರದು.

ಬಿಸಿಲು: ನಮ್ಮ ಬಿಸಿಲು ಮೇಲಿನಿಂದ ಮಾತ್ರ ಬರುತ್ತದೆ, ಹಿಮದ ಬಿಸಿಲು ಕೆಳಗಿನಿಂದಲೂ ಬರುತ್ತದೆ. ಹೊಸ ಹಿಮ ನೇರಳಾತೀತ ಕಿರಣಗಳ ಶೇ. 80ರವರೆಗೆ ಪ್ರತಿಫಲಿಸಬಲ್ಲದು. ಕಪ್ಪು ಕನ್ನಡಕ ಶೋಕಿಗಲ್ಲ, ಕಣ್ಣಿನ ರಕ್ಷಣೆಗೆ.

ಬಟ್ಟೆ: ನಮ್ಮ ಹತ್ತಿ ಬಟ್ಟೆ ಬೇಸಿಗೆಯ ಗೆಳೆಯ, ಹಿಮದ ಶತ್ರು. ಬೆವರಿನಿಂದಲೋ ಹಿಮದಿಂದಲೋ ತೋಯ್ದರೆ ಅದು ಒಣಗುವುದಿಲ್ಲ, ಮೈಯ ಶಾಖವನ್ನು ಹೀರುತ್ತದೆ. ತೋಯ್ದರೂ ಬೆಚ್ಚಗಿಡುವ ಗುಣ ಉಣ್ಣೆಗಿದೆ. ಕಂಬಳಿ ಹೊದ್ದು ಮಳೆಯಲ್ಲಿ ಕುರಿ ಕಾಯುವವರಿಗೆ ಇದು ಎಂದೋ ಗೊತ್ತು. ಒಳಗೆ ತೆಳು ಉಣ್ಣೆ ಅಥವಾ ಸಿಂಥೆಟಿಕ್ ಬಟ್ಟೆ, ಮಧ್ಯೆ ದಪ್ಪ ಸ್ವೆಟರ್, ಹೊರಗೆ ನೀರು ಬಿಡದ ಜಾಕೆಟ್. ಒಂದೇ ದಪ್ಪ ಕೋಟಿಗಿಂತ ಮೂರು ಪದರ ಮೇಲು, ಏಕೆಂದರೆ ಪದರಗಳ ನಡುವಿನ ಗಾಳಿ ಶಾಖವನ್ನು ಹೊರಬಿಡುವುದಿಲ್ಲ.

ಹಿಮಕುಸಿತ: 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ, ಅದರಲ್ಲೂ ಹೊಸ ಹಿಮ ಬಿದ್ದ ಮೇಲೆ, ಹಿಮದ ಪದರ ಕಳಚಿ ಬೀಳುವ ಅಪಾಯ ಹೆಚ್ಚು. 2023ರ ಫೆಬ್ರುವರಿ 1ರಂದು ಅಫರ್ವತ್‌ನಲ್ಲಿ ಪೋಲೆಂಡಿನ ಇಬ್ಬರು, 2024ರ ಫೆಬ್ರುವರಿ 22ರಂದು ಗುಲ್ಮಾರ್ಗ್ ಬಳಿಯೇ ರಷ್ಯಾದ ಒಬ್ಬರು ಹೀಗೆ ಪ್ರಾಣ ಕಳೆದುಕೊಂಡರು. ವಿದೇಶಗಳಿಂದ ಬಂದ ಸ್ಕೀ ಪಟುಗಳನ್ನೇ ಹಿಮ ಬಿಡಲಿಲ್ಲ. ಗುರುತು ಹಾಕಿದ ಇಳಿಜಾರು ಬಿಟ್ಟು ಅತ್ತಿತ್ತ ಹೋಗುವುದು ವಿದ್ಯಾರ್ಥಿಗಳಿಗೆ ಸಲ್ಲದು. ಹೆಲ್ಮೆಟ್ ಇಲ್ಲದೆ ಒಂದು ಹೆಜ್ಜೆಯೂ ಬೇಡ.

ತಯಾರಿ ಇಲ್ಲಿಯೇ

ಹಿಮವಿಲ್ಲದ ನಾಡಿನವರು ಹಿಮಕ್ಕೆ ಹೇಗೆ ತಯಾರಾಗುವುದು? ವಿಜಯಪುರ ಜಿಲ್ಲೆ ಸೈಕ್ಲಿಂಗ್‌ಗೆ ಹೆಸರಾದದ್ದು. ಸೈಕಲ್ ತುಳಿದು ಪಳಗಿದ ತೊಡೆ ಮತ್ತು ಸಮತೋಲನ ಎರಡೂ ಸ್ಕೀಗೆ ಬೇಕಾದವೇ. ಹೊರಡುವ ಮೂರು ತಿಂಗಳ ಮೊದಲಿನಿಂದ ದಿನವೂ ಸೈಕಲ್ ತುಳಿಯುವುದು, ಬಸ್ಕಿ ಹೊಡೆಯುವುದು, ಮೆಟ್ಟಿಲು ಹತ್ತಿ ನಿಧಾನವಾಗಿ ಇಳಿಯುವುದು ರೂಢಿಯಾಗಲಿ. ಹತ್ತುವುದಕ್ಕಿಂತ ಇಳಿಯುವಾಗ ತೊಡೆಯ ಸ್ನಾಯು ತಡೆಹಿಡಿಯುವ ಕೆಲಸ ಕಲಿಯುತ್ತದೆ, ಸ್ಕೀಯಲ್ಲಿ ಬೇಕಾಗುವುದು ಅದೇ. ಸ್ಕೇಟಿಂಗ್ ಬಲ್ಲವರಿಗೆ ಇನ್ನೂ ಅನುಕೂಲ.

ಪರ್ವತದ ಶಿಸ್ತನ್ನು ಕಲಿಯಲು ಪಕ್ಕದ ಬಾದಾಮಿ ಇದೆ. ಅಲ್ಲಿಯ ಕೆಂಪು ಮರಳುಗಲ್ಲಿನ ಬಂಡೆಗಳಿಗೆ ದೇಶದ ನಾನಾ ಕಡೆಯಿಂದ ಶಿಲಾರೋಹಿಗಳು ಬರುತ್ತಾರೆ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯಡಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇದೆ. ಅದರ ಶಿಬಿರಗಳ ಬಗ್ಗೆ ಜಿಲ್ಲಾ ಕ್ರೀಡಾ ಇಲಾಖೆಯಲ್ಲಿ ವಿಚಾರಿಸಬಹುದು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದವರಿಗೆ ಪರ್ವತಾರೋಹಣ ಸಂಸ್ಥೆಗಳ ಕೋರ್ಸುಗಳಿಗೆ ಆಯ್ಕೆಯಾಗುವ ಅವಕಾಶವಿದೆ. ಕಡಿಮೆ ಖರ್ಚಿನಲ್ಲಿ ಹಿಮಾಲಯ ತಲುಪುವ ಹಾದಿ ಇದು.

ಯಾರು, ಯಾವಾಗ?

ಕೊನೆಯದಾಗಿ ಒಂದು ಕಹಿ ಮಾತು. ಹಿಮ ಗಟ್ಟಿಯಾಗಿರುವುದು ಜನವರಿಯಿಂದ ಮಾರ್ಚ್‌ವರೆಗೆ. ನಮ್ಮ ಎಸ್‌ಎಸ್‌ಎಲ್‌ಸಿ, ಪಿಯುಸಿ ಮಕ್ಕಳು ಪರೀಕ್ಷೆಗೆ ತಲೆ ಕೊಡುವುದೂ ಆಗಲೇ. ನಮ್ಮ ದೊಡ್ಡ ರಜೆಗಳು ದಸರೆಗೆ ಮತ್ತು ಬೇಸಿಗೆಗೆ. ಆಗ ಈ ಇಳಿಜಾರುಗಳಲ್ಲಿ ಕಲಿಯುವಷ್ಟು ಹಿಮ ಇರುವುದಿಲ್ಲ. ಹತ್ತನೆಯ ತರಗತಿ ಮತ್ತು ಪಿಯುಸಿ ಎರಡನೆಯ ವರ್ಷದವರು ಈ ಆಸೆಯನ್ನು ಒಂದೆರಡು ವರ್ಷ ಮುಂದಕ್ಕೆ ಹಾಕುವುದೇ ಸರಿ. ಎಂಟು-ಒಂಬತ್ತನೆಯ ತರಗತಿಯವರು ಬಾದಾಮಿಯ ಬಂಡೆಯಿಂದ ಆರಂಭಿಸಲಿ. ಪದವಿ ವಿದ್ಯಾರ್ಥಿಗಳು ಸೆಮಿಸ್ಟರ್ ರಜೆ ಮತ್ತು ಕೋರ್ಸಿನ ದಿನಾಂಕ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಿ. ಅವರಿಗೆ ಸೋಲಂಗ್ ಅಥವಾ ಔಲಿಯ ಪ್ರಾಥಮಿಕ ಕೋರ್ಸ್, ಇಲ್ಲವೆ ಗುಲ್ಮಾರ್ಗ್‌ನ ಕೆಳಗಿನ ಮೈದಾನ ಸಾಕು.

ಪಾಲಕರಲ್ಲಿ ಒಂದು ವಿನಂತಿ. ಮಗ ಅಥವಾ ಮಗಳು 'ಮನಾಲಿಗೆ ಕಳಿಸಿ' ಎಂದಾಗ 'ಎಷ್ಟು ಖರ್ಚು?' ಎಂದು ಮಾತ್ರ ಕೇಳಬೇಡಿ. 'ಯಾರು ಕಲಿಸುತ್ತಾರೆ? ಎಷ್ಟು ದಿನ? ಇಳಿಜಾರು ಎಷ್ಟು ಡಿಗ್ರಿ?' ಎಂದು ಕೇಳಿ. ಉತ್ತರ ಹುಡುಕಲು ಅವರು ಓದಬೇಕಾಗುತ್ತದೆ, ಪತ್ರ ಬರೆಯಬೇಕಾಗುತ್ತದೆ, ಲೆಕ್ಕ ಮಾಡಬೇಕಾಗುತ್ತದೆ. ಮೂರಕ್ಕೂ ಸರಿಯಾದ ಉತ್ತರ ತಂದರೆ ಕಳಿಸಿಕೊಡಿ. ತರದಿದ್ದರೆ ಇನ್ನೊಂದು ಚಳಿಗಾಲ ಕಾಯಲಿ. ಹಿಮಾಲಯ ಎಲ್ಲಿಗೂ ಹೋಗುವುದಿಲ್ಲ.